ದಡದಿಂದ ಕಂಡ ಕಾಡು

ಜರ್ಮನಿಯ ಆಲ್ಬರ್ಟ್ ಫ್ರಿಶ್ 1867-68ರಲ್ಲಿ ಅಮೆಜಾನ್ ನದಿಯ ಮೇಲೆ ದೋಣಿಯಲ್ಲಿ ಸಾಗುತ್ತ ತೆಗೆದ 98 ಚಿತ್ರಗಳನ್ನು ರಿಯೊ ಡಿ ಜನೈರೊದ ಜಾರ್ಜ್ ಲಾಯಿಟ್ಸಿಂಗರ್ ಸಂಸ್ಥೆ 1869ರಲ್ಲಿ ಮಾರಾಟಕ್ಕೆ ತಂದಿತು. ಅಮೆಜಾನ್ ಸೀಮೆಯನ್ನು ಕ್ಯಾಮೆರಾ ಹಿಡಿದ ಮೊದಮೊದಲ ಸಂಗ್ರಹಗಳಲ್ಲಿ ಇದೂ ಒಂದು. ಹೊಳೆಯ ದಡ, ದಡದ ಮರ, ದೋಣಿ, ಗುಡಿಸಲು ಇಲ್ಲಿ ಧಾರಾಳವಾಗಿವೆ. ಕಾಡಿನ ಒಡಲು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ.

ಇದಕ್ಕೆ ಕಾರಣ ಆಗಿನ ತಂತ್ರದಲ್ಲೇ ಇದೆ. ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿ ಆರುವ ಮುಂಚೆಯೇ ಚಿತ್ರ ತೆಗೆದು ಡೆವಲಪ್ ಮಾಡಬೇಕು. ಹೋದಲ್ಲೆಲ್ಲ ಕತ್ತಲಕೋಣೆಯನ್ನೂ ಹೊತ್ತೊಯ್ಯಬೇಕು. ಆ ಫಲಕ ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಹಸಿರಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ಎಲೆ ಕಪ್ಪಾಗುತ್ತಿತ್ತು, ಆಕಾಶ ಬಿಳಿಚಿಕೊಳ್ಳುತ್ತಿತ್ತು. ಮರಗಳಡಿಯ ಮಬ್ಬಿನಲ್ಲಿ ಬಹಳ ಹೊತ್ತು ಲೆನ್ಸ್ ತೆರೆದಿಟ್ಟರೆ, ಗಾಳಿಗೆ ಅಲುಗಿದ ಎಲೆಗಳೆಲ್ಲ ಕಲಸಿಹೋಗುತ್ತಿದ್ದವು. ಬೆಳಕು ಬೇಕೆಂದರೆ ನೀರಿನ ಅಂಚಿಗೇ ಬರಬೇಕಿತ್ತು.

ಈ ಮಿತಿಗೆ ಫ್ರಿಶ್ ತಲೆಬಾಗಿದ ಕಡೆ ಅವನ ಕೆಲಸ ನಿಜಕ್ಕೂ ದೊಡ್ಡದು. ಖಾಲಿ ಆಕಾಶದೆದುರು ನಿಂತ ತಾಳೆಯ ಗರಿಗಳನ್ನು ನೋಡಿ: ಸೊಕ್ಕಿ ಬೆಳೆದ ಹಸಿರಿನಿಂದ ಒಂದು ಮರವನ್ನು ಬಿಡಿಸಿ, ಅದಕ್ಕೆ ಅದರದೇ ಗುರುತು ಕೊಟ್ಟಿದ್ದಾನೆ. ಸಸ್ಯಶಾಸ್ತ್ರಜ್ಞನ ಶಿಸ್ತೂ ಮರದ ಮೇಲಿನ ಪ್ರೀತಿಯೂ ಅಲ್ಲಿ ಕೂಡಿವೆ.

ಮನುಷ್ಯರ ವಿಷಯದಲ್ಲಿ ನನಗೆ ತಕರಾರಿದೆ. ಕಾಡಿಗೆ ಬೇಕಾದಷ್ಟು ಹೊತ್ತು ಯಾರೂ ಕದಲದೆ ನಿಲ್ಲಲಾರರು. ಅದಕ್ಕೆ ಫ್ರಿಶ್ ಅಲ್ಲಿನ ಮೂಲನಿವಾಸಿಗಳನ್ನು ಖಾಲಿ ಹಿನ್ನೆಲೆಯ ಮುಂದೆ ಪ್ರತ್ಯೇಕವಾಗಿ ತೆಗೆದು, ಕಾಡಿನ ಬೇರೊಂದು ನೆಗೆಟಿವ್ ಜೊತೆ ಸೇರಿಸಿ ಮುದ್ರಿಸಿದ. ಕೈಚಳಕ ಅಸಾಧಾರಣವಾದದ್ದೇ. ಆದರೆ ಅವರಲ್ಲೊಂದು ಸಮುದಾಯವಾದ ಉಮಾವಾ ಜನರ ಹಿಂದೆ ಕಾಡು ನಾಟಕದ ಪರದೆಯಂತೆ ಇಳಿಬಿದ್ದಿದೆ. ಆ ಮರಗಳ ನಡುವೆ ದಾರಿ ಬಲ್ಲವರು, ಅವುಗಳ ಹೆಸರು ಬಲ್ಲವರು, ತಮ್ಮ ನೆಲದಲ್ಲೇ ಹೊರಗಿನವರಾಗಿ ನಿಂತಿದ್ದಾರೆ.

ಇದನ್ನು ಬರೀ ತಾಂತ್ರಿಕ ಅನಿವಾರ್ಯವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 1867ರ ಸೆಪ್ಟೆಂಬರ್ 7ರಂದು ಬ್ರೆಜಿಲ್ ಅಮೆಜಾನ್ ನದಿಯನ್ನು ವಿದೇಶಿ ಹಡಗುಗಳಿಗೆ ತೆರೆದಿತ್ತು. ರಬ್ಬರಿಗೆ ಬೇಡಿಕೆ ಏರುತ್ತಿತ್ತು. ಜನರನ್ನು ಕಾಡಿನಿಂದ ಬಿಡಿಸಿ ನೋಡುವ ಕಣ್ಣು ಆ ಕಾಲಕ್ಕೆ ತೀರ ಅನುಕೂಲದ್ದಾಗಿತ್ತು. ಫ್ರಿಶ್ ಅದನ್ನು ಬಯಸಿದ್ದನೆಂದು ನಾನು ಹೇಳುತ್ತಿಲ್ಲ, ಅವನ ಚಿತ್ರಗಳು ಅದಕ್ಕೆ ಒದಗಿಬಂದವು. ಇವತ್ತು ಇವನ್ನು ಗೋಡೆಗೆ ಹಾಕುವ ಮ್ಯೂಸಿಯಂಗಳು ಯಾವುದು ಜೋಡಿಸಿದ ಚಿತ್ರ, ಯಾವುದು ಒಂದೇ ಫಲಕದ್ದು ಎಂಬುದನ್ನು ಚಿತ್ರದ ಪಕ್ಕದಲ್ಲೇ ಬರೆಯಬೇಕು.