ನಕ್ಷತ್ರಲೋಕದ ಮತಯಾಚನೆ

ವರ್ಮ್‌ಹೋಲ್‌ನಲ್ಲಿ ಮನೆ ಮಾಡಿಕೊಂಡ ಆಟಗಾರ ಮತ ಕೇಳಲು ಹೊರಟರೆ ಅವನಿಗೆ ಎದುರಾಗುವ ಮೊದಲ ಕಷ್ಟವೆಂದರೆ ಮತದಾರ ಕಣ್ಣಿಗೇ ಬೀಳದಿರುವುದು. ‘ಈವ್ ಆನ್‌ಲೈನ್’ ಆಟದ ಬಹುತೇಕ ಕಡೆ ಒಂದು ಸೌರಮಂಡಲದೊಳಗೆ ಕಾಲಿಟ್ಟ ತಕ್ಷಣ ಅಲ್ಲಿ ಯಾರ್ಯಾರಿದ್ದಾರೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ವರ್ಮ್‌ಹೋಲ್‌ಗಳಲ್ಲಿ, ಅಂದರೆ ಆಟದ ಅಜ್ಞಾತ ಮೂಲೆಗಳಲ್ಲಿ, ಹಾಗಿಲ್ಲ. ಬಾಯಿಬಿಟ್ಟವರ ಹೆಸರು ಮಾತ್ರ ಕಾಣುತ್ತದೆ. ಸದ್ದಿಲ್ಲದೆ ಅಡಗಿ ಕೂರುವುದೇ ಅಲ್ಲಿ ಬದುಕುವ ದಾರಿ. ಅಂಥವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ‘ನಿಮ್ಮ ಮಾತನ್ನು ನಾನು ಒಯ್ಯುತ್ತೇನೆ, ನನಗೆ ಮತ ಕೊಡಿ’ ಎಂದು ಕೇಳುವ ಕೆಲಸವಿದೆಯಲ್ಲ, ಆನ್‌ಲೈನ್ ಆಟಗಳ ಲೋಕದಲ್ಲಿ ನಾನು ಕಂಡ ಅತ್ಯಂತ ಗಂಭೀರವಾದ ರಾಜಕೀಯ ಕೆಲಸ ಅದು.

ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ ಈ ಆಟವನ್ನು ಹೊರತಂದಿತು. ಏಳು ಸಾವಿರಕ್ಕೂ ಹೆಚ್ಚು ಸೌರಮಂಡಲಗಳು. ಚೀನಾದವರನ್ನು ಬಿಟ್ಟರೆ ಜಗತ್ತಿನ ಆಟಗಾರರೆಲ್ಲ ಒಂದೇ ಸರ್ವರ್‌ನಲ್ಲಿ. ಗಣಿ ಅಗೆಯುವವರು, ಹಡಗು ಕಟ್ಟುವವರು, ವ್ಯಾಪಾರಿಗಳು, ದರೋಡೆಕೋರರು, ಸಾವಿರಾರು ಜನರ ಸೈನ್ಯ ಕಟ್ಟಿಕೊಂಡ ಬಣಗಳು, ಎಲ್ಲರೂ ಒಂದೇ ಆಕಾಶದ ಕೆಳಗೆ. ಇಂಥ ಕಡೆ ಒಬ್ಬರಿಗೆ ಆದ ಅನ್ಯಾಯ ಎಲ್ಲರಿಗೂ ತಟ್ಟುತ್ತದೆ. 2007ರಲ್ಲಿ ಆದದ್ದೂ ಅದೇ. ಕಂಪನಿಯ ಒಬ್ಬ ನೌಕರ ಆಟದೊಳಗಿನ ಅಪರೂಪದ ಬ್ಲೂಪ್ರಿಂಟ್‌ಗಳನ್ನು ತನ್ನ ಕಡೆಯವರಿಗೆ ದೊರಕಿಸಿಕೊಟ್ಟದ್ದು ಬಯಲಾಯಿತು. ಅದರಿಂದ ಎದ್ದ ಸಿಟ್ಟಿಗೆ ಉತ್ತರವಾಗಿ 2008ರಲ್ಲಿ ಆಟಗಾರರೇ ಆರಿಸುವ ಮಂಡಳಿ ಹುಟ್ಟಿತು: ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಸಿಎಸ್‌ಎಂ. ಮೊದಲ ಚುನಾವಣೆಯಲ್ಲಿ ಒಂಬತ್ತು ಸ್ಥಾನಕ್ಕೆ 66 ಮಂದಿ ನಿಂತರು. ಮತ ಹಾಕಿದವರು ಶೇ. 11ರಷ್ಟು.

ಈ ಮಂಡಳಿಗೆ ಅಧಿಕಾರವಿಲ್ಲ. ಆಟದ ಒಂದು ನಿಯಮವನ್ನೂ ಅದು ಬದಲಿಸಲಾರದು. ಸದಸ್ಯರನ್ನು ಕಂಪನಿ ತನ್ನ ಖರ್ಚಿನಲ್ಲಿ ರೇಕ್ಯಾವಿಕ್‌ಗೆ ಕರೆಸಿಕೊಂಡು ಮುಂದಿನ ಯೋಜನೆಗಳನ್ನು ಮುಂದಿಡುತ್ತದೆ. ಅವರು ಅಭಿಪ್ರಾಯ ಹೇಳಬಹುದು, ಎಚ್ಚರಿಸಬಹುದು, ಬೇಡವೆಂದು ಹಟ ಹಿಡಿಯಬಹುದು. ತೀರ್ಮಾನ ಮಾತ್ರ ಕಂಪನಿಯದು. ಈ ಪ್ರಚಾರವನ್ನು ಅಳೆಯುವಾಗ ನಾನು ಇಟ್ಟುಕೊಳ್ಳುವ ಅಳತೆಗೋಲು ಇಲ್ಲಿಂದಲೇ ಬಂದದ್ದು. ‘ನನ್ನನ್ನು ಗೆಲ್ಲಿಸಿ, ಗಣಿಗಾರರ ಆದಾಯ ಹೆಚ್ಚಿಸುತ್ತೇನೆ’ ಎನ್ನುವ ಅಭ್ಯರ್ಥಿ ತನ್ನ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆಂದು ನಂಬಿಸುತ್ತಿದ್ದಾನೆ. ‘ಇಷ್ಟು ವರ್ಷ ಗಣಿ ಅಗೆದಿದ್ದೇನೆ, ತೊಡಕು ಇಲ್ಲಿದೆ, ಇದನ್ನು ಡೆವಲಪರ್‌ಗಳಿಗೆ ಹೀಗೆ ವಿವರಿಸುತ್ತೇನೆ’ ಎನ್ನುವವನು ನಿಜವಾದ ಅಭ್ಯರ್ಥಿ. ಪಾಡ್‌ಕಾಸ್ಟ್ ಸಂದರ್ಶನಗಳಲ್ಲಿ ಗಂಟೆಗಟ್ಟಲೆ ಪ್ರಶ್ನೆಗೆ ಉತ್ತರಿಸುವಾಗ ಈ ಇಬ್ಬರ ವ್ಯತ್ಯಾಸ ಬೇಗ ಹೊರಬೀಳುತ್ತದೆ. ಎರಡನೆಯವನು ‘ಆ ಭಾಗದ ಆಟ ನನಗೆ ಗೊತ್ತಿಲ್ಲ, ಗೊತ್ತಿದ್ದವರನ್ನು ಕೇಳುತ್ತೇನೆ’ ಎಂದು ಅಂಜದೆ ಹೇಳುತ್ತಾನೆ.

2013ರಲ್ಲಿ ಆಯ್ಕೆಯಾದ ಮೈಕ್ ಅಝರಯ (ಆಟದೊಳಗಿನ ಹೆಸರು) ಈ ಬಗೆಯವರು. ಹೊಸಬರಿಗೆ ಹಡಗುಗಳನ್ನೂ ಕೌಶಲದ ಪುಸ್ತಕಗಳನ್ನೂ ಉಚಿತವಾಗಿ ಹಂಚಿ ಹೆಸರಾದವರು. ಹಂಚುವುದೆಂದರೆ ಚುನಾವಣೆಯ ಮಾತಿನಲ್ಲಿ ಅನುಮಾನ ಹುಟ್ಟುವುದು ಸಹಜ. ಆದರೆ ನಿನ್ನೆ ಮೊನ್ನೆ ಬಂದವರ ಖಾತೆಗೆ ಮತದ ಹಕ್ಕೇ ಇರುವುದಿಲ್ಲ. ಮತ ಕೊಡಲಾಗದವರ ಜೊತೆ ಕಾಲ ಕಳೆದವನಿಗೆ ಹೊಸಬರ ಕಷ್ಟ ತಿಳಿದಿರುತ್ತದೆಂದು ಹಳಬರು ನಂಬುತ್ತಾರೆ. ಪ್ರಚಾರ ಹೀಗೂ ನಡೆಯುತ್ತದೆ.

ದೊಡ್ಡ ಬಣಗಳ ಹಾದಿ ಬೇರೆ. ಅಲ್ಲಿ ಕೇಳುವುದಿಲ್ಲ, ಹೇಳುತ್ತಾರೆ. ಚುನಾವಣೆ ಬಂತೆಂದರೆ ಬಣದ ನಾಯಕತ್ವದಿಂದ ಒಂದು ಪಟ್ಟಿ ಬರುತ್ತದೆ: ಈ ಹೆಸರುಗಳು, ಈ ಕ್ರಮದಲ್ಲಿ. ಸದಸ್ಯ ಅದನ್ನು ಹಾಗೆಯೇ ತುಂಬುತ್ತಾನೆ. ಪಟ್ಟಿಯಲ್ಲಿರುವವನಿಗೆ ಅಪರಿಚಿತರ ಮುಂದೆ ನಿಂತು ತನ್ನನ್ನು ಪರಿಚಯಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಬಣದಿಂದ ಬಂದವರೆಲ್ಲ ಕೆಟ್ಟ ಪ್ರತಿನಿಧಿಗಳೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 2011ರಲ್ಲಿ ಗೂನ್‌ಸ್ವಾರ್ಮ್ ಬಣದ ನಾಯಕ ‘ದ ಮಿಟಾನಿ’ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ಬೇಸಿಗೆಯಲ್ಲಿ ಕಂಪನಿ ಪಾತ್ರದ ಕಣ್ಣಿಗೆ ತೊಡಿಸುವ ಒಂದು ಮಾನೊಕಲ್‌ಗೆ ಅರವತ್ತು ಡಾಲರ್‌ಗೂ ಮೇಲಿನ ಬೆಲೆ ಇಟ್ಟಿತು. ಅದರ ಬೆನ್ನಿಗೇ ದುರಾಸೆಯ ಬಗ್ಗೆ ಬರೆದ ಒಳಗಿನ ಪತ್ರಿಕೆ ಸೋರಿ ಹೊರಬಂತು. ಆಟಗಾರರು ಜಿಟಾ ಎಂಬ ವ್ಯಾಪಾರ ಕೇಂದ್ರದಲ್ಲಿ ಗುಂಪುಗೂಡಿ ಅಲ್ಲಿನ ಸ್ಮಾರಕಕ್ಕೆ ಗುಂಡು ಹಾರಿಸಿದರು. ಕಂಪನಿ ಮಂಡಳಿಯನ್ನು ತುರ್ತಾಗಿ ಐಸ್‌ಲ್ಯಾಂಡ್‌ಗೆ ಕರೆಸಿತು. ಅಕ್ಟೋಬರ್ ಹೊತ್ತಿಗೆ ಮುಖ್ಯಸ್ಥ ಹಿಲ್ಮರ್ ಪೇಟುರ್ಸನ್ ತಪ್ಪೊಪ್ಪಿಕೊಂಡು ಪತ್ರ ಬರೆದರು. ಕಂಪನಿ ಮತ್ತೆ ಹಡಗುಗಳ ಕಡೆ ಗಮನ ಕೊಟ್ಟಿತು. ಬರೀ ಸಲಹೆಗಾರರ ಮಾತಿಗೂ ತೂಕವಿದೆ ಎಂಬುದು ಆಗ ಕಾಣಿಸಿತು. ಸಂಘಟನೆ ಬಲ್ಲ ನಾಯಕ ಅಲ್ಲಿದ್ದದ್ದರಿಂದ ಲಾಭವೂ ಆಯಿತು.

ಆದರೆ 2012ರ ಮಾರ್ಚ್‌ನಲ್ಲಿ ಅದೇ ನಾಯಕ ಹತ್ತು ಸಾವಿರಕ್ಕೂ ಹೆಚ್ಚು ಮತ ಪಡೆದು ಮತ್ತೆ ಗೆದ್ದ ದಿನಗಳಲ್ಲೇ, ರೇಕ್ಯಾವಿಕ್‌ನ ವಾರ್ಷಿಕ ಸಮಾವೇಶದ ವೇದಿಕೆಯಲ್ಲಿ, ಜೀವನದಲ್ಲಿ ಸೋತು ಕುಗ್ಗಿದ್ದ ಒಬ್ಬ ಆಟಗಾರನನ್ನು ಹಂಗಿಸಿ, ಅವನನ್ನು ಕಾಡುವಂತೆ ಸಭೆಗೆ ಹೇಳಿದರು. ಆಮೇಲೆ ಕ್ಷಮೆ ಕೇಳಿದರು, ಅಧ್ಯಕ್ಷತೆ ಬಿಟ್ಟರು. ಕಂಪನಿ ಮೂವತ್ತು ದಿನ ಆಟದಿಂದ ಹೊರಗಿಟ್ಟಿತು, ಹೊಸ ಮಂಡಳಿಯ ಸ್ಥಾನವೂ ಹೋಯಿತು. ಮತ ಕೇಳುತ್ತ ಗಣಿಗಾರನ, ಒಂಟಿ ಆಟಗಾರನ, ಹೊಸಬನ ಬಾಗಿಲು ತಟ್ಟಬೇಕಾದವನು ಆ ಮಾತು ಆಡುವ ಮುಂಚೆ ಎರಡು ಸಲ ಯೋಚಿಸುತ್ತಿದ್ದ. ಮತಗಳು ಬಣದೊಳಗಿಂದಲೇ ಬರುವಾಗ ಬೇರೆಯವರ ನೋವು ಲೆಕ್ಕಕ್ಕೆ ಸಿಗುವುದಿಲ್ಲ. ಪಟ್ಟಿಯ ಮತದ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ.

ಸುಧಾರಣೆ ಆಗಿಲ್ಲವೆಂದಲ್ಲ. 2013ರ ಹೊತ್ತಿಗೆ ಸ್ಥಾನಗಳು ಹದಿನಾಲ್ಕಾಗಿದ್ದವು, ಆ ವರ್ಷ ಪ್ರಾಶಸ್ತ್ಯದ ಮತವೂ ಬಂತು. ನಮ್ಮ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಗೊತ್ತು. ಹೆಸರುಗಳ ಮುಂದೆ 1, 2, 3 ಎಂದು ಬರೆಯುವ ಕ್ರಮ. ಚಿಕ್ಕ ಗುಂಪುಗಳಿಗೆ ಇದರಿಂದ ಉಸಿರು ಬಂತು. ವರ್ಮ್‌ಹೋಲ್‌ನವರು ಮೂರು ಜನರನ್ನು ನಿಲ್ಲಿಸಿದರೂ ಸೋತವರ ಮತ ಉಳಿದವನಿಗೆ ಹರಿಯುತ್ತದೆ. ಆದರೆ ಹರಿಯುವುದು ಅವರ ಮತ ಮಾತ್ರವಲ್ಲ. ಹಳೆಯ ಪದ್ಧತಿಯಲ್ಲಿ ದೊಡ್ಡ ಬಣದ ನಾಯಕ ಹತ್ತು ಸಾವಿರ ಮತ ಪಡೆದರೂ ಅದು ಒಂದೇ ಸ್ಥಾನ, ಮಿಕ್ಕಿದ್ದು ವ್ಯರ್ಥ. ಈಗ ಹೆಚ್ಚುವರಿ ಮತ ಪಟ್ಟಿಯ ಎರಡನೆಯ, ಮೂರನೆಯ ಹೆಸರಿಗೆ ಇಳಿಯುತ್ತದೆ. 2017ರಲ್ಲಿ ಸ್ಥಾನಗಳನ್ನು ಹತ್ತಕ್ಕೆ ಇಳಿಸಿದ್ದರಿಂದ ಚಿಕ್ಕವರ ಗಾಯಕ್ಕೆ ಉಪ್ಪು ಬಿತ್ತು. ಹದಿನಾಲ್ಕು ಸ್ಥಾನಗಳಿದ್ದಾಗ ಒಟ್ಟು ಮತದ ಹದಿನೈದರಲ್ಲಿ ಒಂದು ಪಾಲು ದಾಟಿದರೆ ಗೆಲುವು ಖಚಿತವಿತ್ತು. ಈಗ ಹನ್ನೊಂದರಲ್ಲಿ ಒಂದು ಪಾಲು ಬೇಕು.

ಇದಕ್ಕೆಲ್ಲ ಬುಡದಲ್ಲಿರುವುದು ಖಾತೆಗೊಂದು ಮತವೆಂಬ ನಿಯಮ. ತೀರಾ ಹೊಸದಲ್ಲದ, ಹಣ ಕಟ್ಟಿದ ಪ್ರತಿ ಖಾತೆಗೂ ಮತವಿದೆ. ಈ ಆಟದಲ್ಲಿ ಎರಡು, ಮೂರು, ಹತ್ತು ಖಾತೆ ಇಟ್ಟುಕೊಂಡವರು ಅಪರೂಪವಲ್ಲ, ಅವರು ಹೆಚ್ಚಾಗಿ ಸಿಗುವುದೂ ದೊಡ್ಡ ಬಣಗಳಲ್ಲೇ. ಒಬ್ಬ ಹತ್ತು ಮತ ಹಾಕುವಾಗ ಇನ್ನೊಬ್ಬ ವಾರವಿಡೀ ಕುಳಿತು ಅಭ್ಯರ್ಥಿಗಳ ಸಂದರ್ಶನ ಕೇಳಿ ಒಂದು ಮತ ಹಾಕುತ್ತಾನೆ. ಯಾವ ಖಾತೆ ಯಾರದೆಂದು ಕಂಪನಿಗೆ ಪೂರ್ತಿ ತಿಳಿಯದು ಎಂಬ ವಾದ ಒಪ್ಪತಕ್ಕದ್ದೇ. ಪೂರ್ತಿ ತಿಳಿಯದಿದ್ದರೂ ತಿಳಿದಷ್ಟನ್ನು ಒಟ್ಟುಗೂಡಿಸಿ ಎಣಿಸಬಹುದಲ್ಲ!

ಮತ್ತೆ ನಿಲ್ಲುವವರ ಪ್ರಚಾರಕ್ಕೆ ಇನ್ನೊಂದು ತೊಡಕೂ ಇದೆ. ಗೆದ್ದವರು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಮತ್ತೆ ಮತ ಕೇಳುವಾಗ ‘ಒಳಗೆ ನಾನು ಏನು ಹೇಳಿದೆ, ಏನನ್ನು ತಡೆದೆ’ ಎಂದು ತೋರಿಸಲು ಅವರ ಬಾಯಿ ಕಟ್ಟಿರುತ್ತದೆ. 2019ರ ಏಪ್ರಿಲ್‌ನಲ್ಲಿ ಬ್ರಿಸ್ಕ್ ರುಬಾಲ್ ಎಂಬ ಸದಸ್ಯರನ್ನು ಗುಟ್ಟು ಹೊರಹಾಕಿದ ಆರೋಪದ ಮೇಲೆ ಕಂಪನಿ ತೆಗೆದುಹಾಕಿತು. ಆಮೇಲೆ ಆರೋಪ ತಪ್ಪೆಂದು ತಾನೇ ಒಪ್ಪಿ ಕ್ಷಮೆ ಕೇಳಿತು. ಅವರು ಮುಂದೆ ಮತ್ತೆ ನಿಂತು ಗೆದ್ದರು.

ಈ ಆಟ ಆಡುವ ಕನ್ನಡಿಗರಿಗೆ ನನ್ನದೊಂದು ಕೋರಿಕೆ. ಮುಂದಿನ ಚುನಾವಣೆ ಬಂದಾಗ ನಿಮ್ಮ ಬಣದ ಪಟ್ಟಿ ನಿಮ್ಮ ಕೈಗೂ ಬರುತ್ತದೆ. ಅದನ್ನು ಪಕ್ಕಕ್ಕಿಡಿ. ನಿಮ್ಮ ಬಣದವನಲ್ಲದ ಒಬ್ಬ ಅಭ್ಯರ್ಥಿಯ ಮಾತನ್ನು ಪೂರ್ತಿ ಕೇಳಿ, ಒಂದು ಪ್ರಶ್ನೆ ಹಾಕಿ, ಉತ್ತರ ಹಿಡಿಸಿದರೆ ಮೊದಲ ಪ್ರಾಶಸ್ತ್ಯ ಅವನಿಗೇ ಕೊಡಿ.