ಉತ್ತಂಗಿ ಚನ್ನಪ್ಪನವರ ಕ್ರೈಸ್ತಶ್ರದ್ಧೆಯೂ ವ್ಯಕ್ತಿಯ ಘನತೆಯೂ

ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ಹೆಸರು ಕನ್ನಡದ ವಿದ್ವದ್ಗೋಷ್ಠಿಗಳಲ್ಲಿ ಬಂದಾಗಲೆಲ್ಲ ಅದರ ಜೊತೆಗೆ ಒಂದು ಸಣ್ಣ ಮಾತು ಅಂಟಿಕೊಂಡು ಬರುವುದುಂಟು. ಅದು ‘ಆದರೂ’ ಎಂಬ ಮಾತು. ಅವರು ಕ್ರೈಸ್ತ ಪಾದ್ರಿಗಳು, ಆದರೂ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು; ಕ್ರೈಸ್ತ ಪಾದ್ರಿಗಳು, ಆದರೂ ಶರಣರ ಸಾಹಿತ್ಯಕ್ಕಾಗಿ ದುಡಿದರು. ಈ ಮಾತನ್ನು ಹೊಗಳಿಕೆಯಾಗಿಯೇ ಆಡುತ್ತಾರೆ. ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ಅವರ ಶ್ರದ್ಧೆ ಒಂದು ಕಡೆ, ಅವರ ಸಾಹಿತ್ಯಸೇವೆ ಮತ್ತೊಂದು ಕಡೆ; ಮೊದಲನೆಯದನ್ನು ಬದಿಗಿಟ್ಟುದರಿಂದಲೇ ಎರಡನೆಯದು ಸಾಧ್ಯವಾಯಿತು ಎಂಬುದೇ ಆ ತೀರ್ಪು. ಅದು ಎಷ್ಟರ ಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಸಂಗತಿ.

ಮನುಷ್ಯನ ಮಹತ್ತ್ವವನ್ನು ಹೇಳಲು ಕನ್ನಡದಲ್ಲಿ ಬೆಲೆ, ಯೋಗ್ಯತೆ, ಘನತೆ ಎಂಬ ಮೂರು ಮಾತುಗಳಿವೆ. ಬೆಲೆಯನ್ನು ಕಟ್ಟುವುದು ಸಂತೆ. ಯೋಗ್ಯತೆಯನ್ನು ಅಳೆಯುವುದು ಸಮಾಜ. ಘನತೆಯಾದರೋ ಯಾರೂ ಕಟ್ಟದೆ, ಯಾರೂ ಅಳೆಯದೆ ಇರತಕ್ಕದ್ದು. ಕ್ರೈಸ್ತಬೋಧೆಯ ತಿರುಳು ಈ ಮೂರನೆಯದಕ್ಕೆ ಸಂಬಂಧಿಸಿದೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಮೂರು ಸಾಮತಿಗಳನ್ನು ನೋಡಬಹುದು. ನೂರು ಕುರಿಗಳಲ್ಲಿ ಒಂದು ತಪ್ಪಿಹೋಗುತ್ತದೆ. ಹತ್ತು ನಾಣ್ಯಗಳಲ್ಲಿ ಒಂದು ಮನೆಯ ಕತ್ತಲಲ್ಲಿ ಬೀಳುತ್ತದೆ. ಇಬ್ಬರು ಮಕ್ಕಳಲ್ಲಿ ಒಬ್ಬನು ಆಸ್ತಿಯನ್ನು ಹಾಳುಮಾಡಿ ಹಿಂದಿರುಗುತ್ತಾನೆ. ಧೂಳಿನಲ್ಲಿ ಬಿದ್ದ ನಾಣ್ಯ ಧೂಳಿನಿಂದಾಗಿ ಸವಕಲಾಗುವುದಿಲ್ಲ. ಕೂಲಿಯಾಳಾಗಿಯಾದರೂ ಇಟ್ಟುಕೊಳ್ಳಿರೆಂದು ಕೇಳಲು ಸಿದ್ಧನಾಗಿ ಬಂದ ಮಗನಿಗೆ ಆ ಮಾತನ್ನು ಮುಗಿಸಲು ತಂದೆ ಅವಕಾಶವನ್ನೇ ಕೊಡುವುದಿಲ್ಲ. ಇಲ್ಲಿ ಲೆಕ್ಕದ ಭಾಷೆ ಸೋಲುತ್ತದೆ. ಕೃಪೆ ಎಂಬುದು ದುಡಿದು ಪಡೆದ ಕೂಲಿಯಲ್ಲ, ತೀರಿಸಬೇಕಾದ ಸಾಲವೂ ಅಲ್ಲ. ಹುಡುಕಲ್ಪಟ್ಟವನು ಎಂಬುದರಲ್ಲಿಯೇ ಮನುಷ್ಯನ ಘನತೆ ಇದೆ.

ಈ ಬೋಧೆ ಕನ್ನಡದ ಮಾತಿನಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರ ಪರಿಶ್ರಮದಿಂದ 1821ರಲ್ಲಿ ಹೊಸ ಒಡಂಬಡಿಕೆಯೂ 1831ರ ವೇಳೆಗೆ ಸಂಪೂರ್ಣ ಬೈಬಲೂ ಕನ್ನಡಕ್ಕೆ ಬಂದುವು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. ಅಲ್ಲಿಯ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಮುಂದೆ ಬಾಸೆಲಿನಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದರು. ಕೊಡಗಿನಲ್ಲಿ ಹೊಲೆಯ ಸಮುದಾಯದಿಂದ ಕ್ರೈಸ್ತರಾದವರಿಗಾಗಿ ಏರ್ಪಟ್ಟ ನೆಲೆಗೆ ಆನಂದಪುರವೆಂಬ ಹೆಸರು ಬಂದದ್ದು ಇವರಿಂದಲೇ. ಹುಟ್ಟಿನಿಂದ ಬಂದ ಯೋಗ್ಯತೆಯನ್ನು ಬಿಟ್ಟುಕೊಟ್ಟು ಒಬ್ಬನು ಕೆಳಗಿಳಿದನು. ಹುಟ್ಟಿನಿಂದ ಬಂದ ಅಯೋಗ್ಯತೆಯನ್ನು ಕೊಡವಿ ಇನ್ನೊಬ್ಬನು ಮೇಲೆದ್ದನು. ಒಂದೇ ರೊಟ್ಟಿಯ ಪಂಕ್ತಿಯಲ್ಲಿ ಇಬ್ಬರೂ ಸಮನಾಗಿ ಕುಳಿತರು. ಅಂದಿನ ಕಾಲಕ್ಕೆ ಇದು ಅಲ್ಪವಾದ ಸಂಗತಿಯಲ್ಲ.

ಆದರೆ ವಿಮರ್ಶಕನು ಇಷ್ಟಕ್ಕೇ ನಿಲ್ಲುವಂತಿಲ್ಲ. ಮನೆಯಿಂದಲೂ ಕುಲದಿಂದಲೂ ಹೊರಬಿದ್ದ ಹೊಸ ಕ್ರೈಸ್ತನಿಗೆ ಹೊಟ್ಟೆಪಾಡಿನ ಪ್ರಶ್ನೆ ಇತ್ತು. ಮಿಶನ್ನಿನವರು ನೇಯಿಗೆಯ ಕಾರ್ಖಾನೆಗಳನ್ನೂ, 1865ರಿಂದ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ನಡೆಸಿ ಸಾವಿರಾರು ಜನರಿಗೆ ಅನ್ನ ಕೊಟ್ಟರು. ಅದರಿಂದ ಕುರುಬನೂ ಧಣಿಯೂ ಒಬ್ಬನೇ ಆದನು. ದೇವರ ಮುಂದೆ ಸಮಾನನಾದವನು ಕಾರ್ಖಾನೆಯ ಬಾಗಿಲಲ್ಲಿ ಆಳಾಗಿಯೇ ಉಳಿದನು. ಜಾತಿಯ ಭೇದವೂ ಭಾರತದ ಕ್ರೈಸ್ತಸಭೆಗಳಿಂದ ಪೂರ್ಣವಾಗಿ ತೊಲಗಲಿಲ್ಲ. ಇತ್ತ ಸರಕಾರದ ದಫ್ತರದಲ್ಲಿ 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮನ್ನಣೆ ಕ್ರೈಸ್ತನಾದ ದಲಿತನಿಗೆ ಸಿಗದೆ ಹೋಯಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತಾರಗೊಂಡ ಆ ಮನ್ನಣೆ ಇವನ ವರೆಗೆ ಬರಲಿಲ್ಲ. ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಮತ್ತೊಂದಿತ್ತು. ತನ್ನ ಹಿರಿಯರ ಬಾಳೆಲ್ಲ ಬರಿಯ ಕತ್ತಲೆಯಾಗಿತ್ತೆಂದು ಸಾರಿದ ಹೊರತು ತನಗೆ ಬೆಳಕು ದೊರಕಿತೆಂದು ಹೇಳಲು ಬಾರದೆಂಬ ಭಾವನೆ ಎಷ್ಟೋ ಮತಾಂತರದ ಕಥನಗಳಲ್ಲಿ ಕಾಣುತ್ತದೆ. ಪೂರ್ವಿಕರನ್ನು ಹೀನೈಸಿ ಪಡೆದ ಘನತೆ ಎರವಲು ತಂದ ಒಡವೆಯಂತೆ; ತೊಟ್ಟವನಿಗೂ ಅದು ತನ್ನದೆನಿಸುವುದಿಲ್ಲ.

ಧಾರವಾಡದಲ್ಲಿ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಮಂಗಳೂರಿನ ಮಿಶನ್ ಶಾಲೆಯಲ್ಲಿ ದೈವಜ್ಞಾನವನ್ನು ಕಲಿತು, ಬೋಧಕವೃತ್ತಿಯನ್ನು ಕೈಕೊಂಡ ಉತ್ತಂಗಿಯವರ ಮುಂದೆ ಇದ್ದ ಪ್ರಶ್ನೆ ಇದೇ. 1914ರ ಮಹಾಯುದ್ಧದಿಂದಾಗಿ ಜರ್ಮನ್ ಬೋಧಕರು ಈ ನಾಡನ್ನು ಬಿಡಬೇಕಾಗಿ ಬಂದು, ಇಲ್ಲಿಯ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಲು ಕಲಿಯುತ್ತಿದ್ದ ಕಾಲದಲ್ಲಿ, 1921ರಲ್ಲಿ, ಅವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಹೊರಬಂದಿತು. ಆ ಹೆಸರೊಂದೇ ಒಂದು ನಿಲುವನ್ನು ಸೂಚಿಸುತ್ತದೆ. ಬನಾರಸವು ಶಾಸ್ತ್ರಗಳ ಪೀಠ. ಬೆತ್ಲೆಹೇಮು ಗೋದಲಿಯ ಹಳ್ಳಿ. ಹಳ್ಳಿ ಪೀಠಕ್ಕೆ ಆಜ್ಞೆ ಮಾಡುತ್ತಿಲ್ಲ, ಅದರಿಂದ ಭಿಕ್ಷೆಯನ್ನೂ ಬೇಡುತ್ತಿಲ್ಲ, ವಿನಂತಿ ಮಾಡಿಕೊಳ್ಳುತ್ತಿದೆ. ಎದುರಿನವನನ್ನು ಹಿರಿಯನೆಂದು ಒಪ್ಪಿಯೂ ತನ್ನನ್ನು ಕಿರಿಯನೆಂದು ಹಳಿದುಕೊಳ್ಳದವನಿಗೆ ಮಾತ್ರ ವಿನಂತಿಯ ದನಿ ಸಾಧ್ಯ. ಎರವಲಲ್ಲದ ಘನತೆಯ ಮೊದಲ ಗುರುತು ಇದು.

ಈ ದೃಷ್ಟಿಯಿಂದ ನೋಡಿದರೆ 1924ರಲ್ಲಿ ಪ್ರಕಟವಾದ ಅವರ ಸರ್ವಜ್ಞನ ವಚನಗಳ ಸಂಗ್ರಹ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಸರ್ವಜ್ಞನಿಗೆ ಮಠವಿಲ್ಲ, ಮನೆಯಿಲ್ಲ, ಐತಿಹ್ಯದ ಪ್ರಕಾರ ಅವನ ಹುಟ್ಟು ಎರಡು ಕುಲಗಳ ನಡುವಿನದು, ಊರೂರು ಅಲೆದವನು. ಅವನ ತ್ರಿಪದಿಗಳು ಓಲೆಗಳಲ್ಲಿಯೂ ಜನರ ನಾಲಗೆಯಲ್ಲಿಯೂ ಚದುರಿಹೋಗಿದ್ದುವು. ಹೀಗೆ ಚದುರಿದುದನ್ನು ಒಂದೊಂದಾಗಿ ಹುಡುಕಿ, ಪಾಠಗಳನ್ನು ಹೋಲಿಸಿ, ಕ್ರಮಪಡಿಸಿ ನಾಡಿನ ಮುಂದಿಟ್ಟ ಕಾರ್ಯ ದೀಪ ಹಚ್ಚಿ ಮನೆಯನ್ನು ಗುಡಿಸಿ ನಾಣ್ಯವನ್ನು ಅರಸಿದ ಆ ಗೃಹಿಣಿಯ ಕಾರ್ಯವನ್ನೇ ಹೋಲುತ್ತದೆ. ಉತ್ತಂಗಿಯವರು ಹೀಗೆಂದು ಬಾಯಿಬಿಟ್ಟು ಹೇಳಿದರೆಂದು ವಾದಿಸಬೇಕಾಗಿಲ್ಲ. ತನ್ನನ್ನು ಹುಡುಕಿದವರಿದ್ದಾರೆಂದು ನಂಬಿದವನು ತಾನೂ ಹುಡುಕುವವನಾಗುತ್ತಾನೆ ಎಂಬಷ್ಟನ್ನು ಅವರ ದುಡಿಮೆಯೇ ತೋರಿಸುತ್ತದೆ.

ಮುಂದೆ ಅವರು ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಬರೆದರು; ಮೋಳಿಗೆಯ ಮಾರಯ್ಯ, ಸಿದ್ಧರಾಮ, ಆದಯ್ಯ ಮೊದಲಾದವರ ವಚನಗಳ ಸಂಪಾದನೆಯಲ್ಲಿ ತೊಡಗಿದರು. ಈ ಆಯ್ಕೆಯೂ ಗಮನಿಸತಕ್ಕದ್ದು. ಮಾರಯ್ಯನು ಸಿಂಹಾಸನವನ್ನು ಬಿಟ್ಟು ಕಟ್ಟಿಗೆಯ ಹೊರೆ ಹೊತ್ತನೆಂದು ಪರಂಪರೆ ಹೇಳುತ್ತದೆ. ಆದಯ್ಯನು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ವ್ಯಾಪಾರಿ, ಅಂದರೆ ಪರನಾಡಿನಿಂದ ಬಂದು ಕನ್ನಡಿಗನಾದವನು. ಸಿದ್ಧರಾಮನ ಸೊನ್ನಲಿಗೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. 1949ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನ ಈ ಪಾದ್ರಿಗಳನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಉತ್ತಂಗಿಯವರು ತಮ್ಮ ಘನತೆಯನ್ನು ಕಂಡುಕೊಂಡದ್ದು ಕ್ರಿಸ್ತನಲ್ಲಿಯೋ, ಶರಣರಲ್ಲಿಯೋ? ಆಕ್ಷೇಪ ನಿರಾಧಾರವಾದುದಲ್ಲ. ಕುಲವನ್ನು ಕೇಳದೆ ಮನುಷ್ಯನನ್ನು ಮನ್ನಿಸುವ ಪಾಠ ಬಸವಣ್ಣನವರ ನಾಡಿಗೆ ಹೊಸದಾಗಿರಲಿಲ್ಲ. ಆದರೂ ಎರಡಕ್ಕೂ ಅಂತರವಿದೆ. ಶರಣರಲ್ಲಿ ಘನತೆಯು ಕಾಯಕದಲ್ಲಿ ಬೆಳಗುತ್ತದೆ; ಕ್ರೈಸ್ತಬೋಧೆಯಲ್ಲಿ ಅದು ಕಾಯಕಕ್ಕೂ ಮೊದಲೇ ದತ್ತವಾಗಿ, ಕಾಯಕವು ಅದರ ಕೃತಜ್ಞತೆಯಾಗಿ ಹೊಮ್ಮುತ್ತದೆ. ಉತ್ತಂಗಿಯವರು ಕೊನೆಯವರೆಗೂ ಕ್ರೈಸ್ತರಾಗಿಯೇ ಇದ್ದರು. ಶರಣರನ್ನು ಕ್ರೈಸ್ತರನ್ನಾಗಿಸಲು ಅವರ ವಚನಗಳನ್ನು ಸಂಪಾದಿಸಲಿಲ್ಲ. ಅಂತರವನ್ನು ಅಳಿಸದೆ ಎರಡನ್ನೂ ಒಂದೇ ಬಾಳಿನಲ್ಲಿ ಹೊತ್ತುದು ಅವರ ಹಿರಿಮೆ. ಆದುದರಿಂದ ‘ಕ್ರೈಸ್ತರು, ಆದರೂ’ ಎಂಬುದಕ್ಕಿಂತ ‘ಕ್ರೈಸ್ತರು, ಆದುದರಿಂದಲೇ’ ಎಂಬುದು ಅವರ ಬಾಳಿಗೆ ಹೆಚ್ಚು ಒಪ್ಪುತ್ತದೆ.

ಹೊರನಾಡಿನ ಕನ್ನಡಿಗನಿಗೆ ಈ ವಿಚಾರ ದೂರದ್ದಲ್ಲ. ಠಾಣೆ–ವಾಶಿ ರೈಲುಮಾರ್ಗದ ಘಣಸೋಲಿಯಂಥ ಊರಿನಲ್ಲಿ ಮನುಷ್ಯನ ಮಹತ್ತ್ವ ಸಂಬಳದಿಂದಲೂ ಮನೆಯ ಚದರಡಿಯಿಂದಲೂ ಬಹುಬೇಗ ನಿಶ್ಚಯವಾಗಿಬಿಡುತ್ತದೆ. ಅದರಿಂದ ನೊಂದವನಿಗೆ ನೀನು ಅಮೂಲ್ಯನೆಂದು ಸಂತೈಸುವ ಪ್ರವಚನಗಳು ಇಂದು ಎಲ್ಲ ಮತಗಳಲ್ಲಿಯೂ ಹೇರಳವಾಗಿವೆ. ಸಂತೈಸುವಿಕೆ ಸುಳ್ಳಲ್ಲ, ಆದರೆ ಅದು ಅರ್ಧಮಾರ್ಗ. ತಾನು ಪಡೆದ ಘನತೆ ಪರರ ಘನತೆಯನ್ನು ಕಾಣುವ ಕಣ್ಣಾಗದಿದ್ದರೆ ಅದು ಭಕ್ತಿಯ ವೇಷ ತೊಟ್ಟ ಅಭಿಮಾನವಾಗಿ ಉಳಿಯುತ್ತದೆ. ಇದೇ ನಗರದಲ್ಲಿ ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡಗಳ ಮೇಲೆ ಗಾರೆ ಹೊರುವ ಗಂಡಸರೂ ಹೆಂಗಸರೂ ಇದ್ದಾರೆ. ಅವರು ಆಡುವುದೂ ಕನ್ನಡವೇ. ಕನ್ನಡ ಸಭೆಗಳ ಆಮಂತ್ರಣ ಅವರ ಗುಡಿಸಲುಗಳ ವರೆಗೆ ಮುಟ್ಟುವುದು ತೀರ ಅಪರೂಪ. ಒಬ್ಬ ಪಾದ್ರಿಗೆ ಕಲಬುರ್ಗಿ 1949ರಲ್ಲಿ ಪೀಠ ಕೊಟ್ಟಿತು. ಕಲಬುರ್ಗಿಯಿಂದ ಬಂದ ಕೂಲಿಗಾರನಿಗೆ ಹೊರನಾಡಿನ ಸಂಘಗಳು ಒಂದು ಕುರ್ಚಿಯನ್ನಾದರೂ ಕೊಡಬೇಕಲ್ಲವೆ?