ಕೈಬರಹದ ಪತ್ರಿಕೆಗೂ ವಿಮರ್ಶೆ ಬೇಕು

ಅಚ್ಚಾಗದೆ ಉಳಿದದ್ದನ್ನು ನಮ್ಮ ವಿಮರ್ಶೆ ಓದುವುದಿಲ್ಲ. ಮುದ್ರಕರ ಹೆಸರು, ಪ್ರಕಟಣೆಯ ವರ್ಷ, ಬೆಲೆ ಈ ಮೂರೂ ಇದ್ದರೆ ಅದು ಕೃತಿ, ಇಲ್ಲದಿದ್ದರೆ ಮಕ್ಕಳಾಟ. ಕೊಡಗಿನ ಪ್ರೌಢಶಾಲೆಗಳಲ್ಲಿ, ಕಾಲೇಜುಗಳಲ್ಲಿ, ಕೆಲವು ಮದ್ರಸಗಳಲ್ಲಿ ಕೈಯಿಂದ ಬರೆದು, ಬಣ್ಣ ಹಚ್ಚಿ, ದಾರದಿಂದ ಹೊಲಿದು ಹಂಚಿಕೊಳ್ಳುವ ಪತ್ರಿಕೆಗಳು ಈ ಕಾರಣಕ್ಕೇ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ವಾರ್ಷಿಕೋತ್ಸವದ ದಿನ ಅತಿಥಿಗಳು ಅದನ್ನು ಬಿಡುಗಡೆ ಮಾಡುತ್ತಾರೆ, ಎರಡು ಪುಟ ತಿರುವಿ ‘ಬಹಳ ಚೆನ್ನಾಗಿದೆ’ ಎನ್ನುತ್ತಾರೆ, ಮರುದಿನ ಅದು ಬೀರು ಸೇರುತ್ತದೆ. ಓದದೆ ಇರುವುದಕ್ಕೆ ‘ಬಹಳ ಚೆನ್ನಾಗಿದೆ’ ಎಂಬುದಕ್ಕಿಂತ ಸಭ್ಯವಾದ ಮಾತು ಇನ್ನೊಂದಿಲ್ಲ. ಈ ಪತ್ರಿಕೆಗಳನ್ನು ಓದಬೇಕು, ಓದಿ ತೂಗಬೇಕು, ತಪ್ಪಿದಲ್ಲಿ ತಪ್ಪೆನ್ನಬೇಕು ಎಂಬುದು ನಮ್ಮ ವಾದ.

ಇಂಗ್ಲಿಷಿನಲ್ಲಿ ಇಂಥ ಪತ್ರಿಕೆಗೆ ‘ಝೀನ್’ ಎನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ವೈಜ್ಞಾನಿಕ ಕಥೆಗಳ ಓದುಗರು ತಮ್ಮತಮ್ಮಲ್ಲೇ ಹಂಚಿಕೊಳ್ಳಲು ಹೊರಡಿಸಿದ ಹಾಳೆಗಳಿಂದ ಅದು ಬೆಳೆಯಿತು. ‘ಫ್ಯಾನ್‌ಝೀನ್’ ಎಂಬ ಪದವನ್ನು 1940ರಲ್ಲಿ ಲೂಯಿ ರಸೆಲ್ ಶೊವನೆ ಎಂಬಾತ ಹುಟ್ಟಿಸಿದ. ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಅಂಚೆಯನ್ನೇ ಕಲೆಯ ಮಾಧ್ಯಮ ಮಾಡಿಕೊಂಡು, ಚಿತ್ರ ಅಂಟಿಸಿದ ಕಾಗದಗಳನ್ನು ಗೆಳೆಯರಿಗೆ ಕಳುಹಿಸಿ, ಅದಕ್ಕೆ ಇನ್ನಷ್ಟು ಸೇರಿಸಿ ಮುಂದಿನವರಿಗೆ ಕಳುಹಿಸಲು ಹೇಳುತ್ತಿದ್ದ. ಈಗ ನಮ್ಮ ಮಹಾನಗರಗಳ ಯುವಕ ಯುವತಿಯರೂ ಝೀನ್ ಮಾಡುತ್ತಾರೆ. ಹೆಸರು ಹೊಸದು, ಕೆಲಸ ನಮಗೆ ಹೊಸದಲ್ಲ. ಕನ್ನಡದಲ್ಲಿ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆ ಎಂಬ ಮಾತುಗಳು ಶಾಲೆಯ ಮಕ್ಕಳಿಗೂ ಗೊತ್ತು. ಘಟ್ಟದ ಆಚೆ ಮಲಪ್ಪುರಂನಿಂದ ಮಣಂಬೂರು ರಾಜನ್‌ಬಾಬು ಅವರು 1981ರಲ್ಲಿ ‘ಇನ್ನ್’ ಎಂಬ ಮಲಯಾಳಂ ಪತ್ರಿಕೆಯನ್ನು ಇನ್‌ಲ್ಯಾಂಡ್ ಕಾಗದದಲ್ಲೇ ಆರಂಭಿಸಿದರು. ಒಂದು ಮಡಚುವ ಕಾಗದವೇ ಇಡೀ ಸಂಚಿಕೆ.

ಮಾಡುವ ವಿಧಾನವೂ ಸರಳ. ಒಂದು ಎ4 ಹಾಳೆಯನ್ನು ಮೂರು ಬಾರಿ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ನಡುವಿನ ಎರಡು ಮನೆಗಳುದ್ದಕ್ಕೆ ಕತ್ತರಿ ಹಾಕಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಿಕೆ. ಹೊಲಿಗೆ ಬೇಡ, ಅಂಟು ಬೇಡ. ಒಂದೇ ಮಗ್ಗುಲಿಗೆ ಬರೆದಿರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಸಾಮಾನ್ಯ ಹಾಳೆಯ ತೂಕ 5 ಗ್ರಾಂ. ಮೂರು ಪುಸ್ತಿಕೆಗಳನ್ನು ತೆಳು ಲಕೋಟೆಯಲ್ಲಿಟ್ಟರೂ 20 ಗ್ರಾಂ ದಾಟುವುದಿಲ್ಲ. ತೋಟದ ಲೈನ್ ಮನೆಯ ಹುಡುಗಿಗೂ ಎಟುಕುವ ಪ್ರಕಾಶನ ಸಂಸ್ಥೆ ಇದು.

ಕೈಬರಹವೆಂದರೆ ಅಚ್ಚಿಗೆ ಮುಂಚಿನ ಮೆಟ್ಟಿಲು ಎಂಬ ಭಾವನೆ ಕನ್ನಡದವರಲ್ಲಿ ಗಟ್ಟಿಯಾಗಿದೆ. ಉರ್ದು ಓದಿದವರಿಗೆ ಹಾಗೆ ತೋರುವುದಿಲ್ಲ. ಉರ್ದುವಿನ ನಸ್ತಾಲೀಖ್ ಲಿಪಿ ಅಚ್ಚಿನ ಮೊಳೆಗೆ ಬಗ್ಗಲಿಲ್ಲ. ಕಾತಿಬರು ಕೈಯಲ್ಲಿ ಬರೆದದ್ದನ್ನೇ ಕಲ್ಲಚ್ಚಿನಲ್ಲಿ, ಆಮೇಲೆ ಆಫ್‌ಸೆಟ್‌ನಲ್ಲಿ ಮುದ್ರಿಸಿದರು. 1981ರಲ್ಲಿ ನೂರಿ ನಸ್ತಾಲೀಖ್ ಎಂಬ ಗಣಕ ಅಕ್ಷರ ಬರುವವರೆಗೆ ಉರ್ದುವಿನ ದಿನಪತ್ರಿಕೆಯೂ ಕಾದಂಬರಿಯೂ ಬಹುಮಟ್ಟಿಗೆ ಕೈಬರಹದವೇ. 1927ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಪತ್ರಿಕೆ 21ನೆಯ ಶತಮಾನಕ್ಕೆ ಕಾಲಿಟ್ಟ ಮೇಲೂ ಕಾತಿಬರನ್ನು ಬಿಡಲಿಲ್ಲ. ಕೊಡಗಿನ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ಮಾಪ್ಪಿಳ್ಳೆಯರು ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆದು ಕಲ್ಲಚ್ಚು ಹಾಕಿಸಿದರು. ಅಚ್ಚೂ ಕೈಬರಹವೂ ಇಲ್ಲಿ ಎದುರಾಳಿಗಳಲ್ಲ.

ಉರ್ದುವಿನಲ್ಲಿ ‘ಖತ್’ ಎಂದರೆ ಕೈಬರಹ. ಖತ್ ಎಂದರೆ ಕಾಗದ ಪತ್ರವೂ ಹೌದು. ಒಬ್ಬರ ಕೈ ಇನ್ನೊಬ್ಬರ ಮನೆಗೆ ಹೋಗುವುದೇ ಪತ್ರ ಎಂಬ ತಿಳಿವಳಿಕೆ ಆ ಒಂದೇ ಪದದಲ್ಲಿದೆ. ಗಾಲಿಬ್‌ರ ಪತ್ರಗಳು 1868ರಲ್ಲಿ ‘ಊದ್-ಎ-ಹಿಂದಿ’ ಎಂಬ ಹೆಸರಿನಲ್ಲಿ ಪುಸ್ತಕವಾದ ಮೇಲೆ ಉರ್ದು ಗದ್ಯದ ನಡಿಗೆಯೇ ಬದಲಾಯಿತು. ಮೌಲಾನಾ ಆಜಾದ್‌ರು ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ ಪತ್ರಗಳಿಗೆ ಅಂಚೆಯೇ ಇರಲಿಲ್ಲ. ಆದರೂ 1946ರಲ್ಲಿ ‘ಗುಬಾರ್-ಎ-ಖಾತಿರ್’ ಆಗಿ ಬಂದಾಗ ಅವು ಪತ್ರಗಳಾಗಿಯೇ ಓದಿಸಿಕೊಂಡವು. ಎದುರಿಗೆ ಒಬ್ಬ ಓದುಗನಿದ್ದಾನೆ ಎಂದು ನಂಬಿ ಬರೆದಾಗ ವಾಕ್ಯ ಸಡಿಲಾಗುತ್ತದೆ, ಸುಳ್ಳು ಹೇಳುವುದು ಕಷ್ಟವಾಗುತ್ತದೆ. ಕೈಬರಹದ ಪತ್ರಿಕೆಯ ಶಕ್ತಿಯೂ ಇಲ್ಲೇ ಇದೆ. ಅದರ ಓದುಗರು ಇಪ್ಪತ್ತೋ ಮೂವತ್ತೋ ಜನ. ಬರೆದವರಿಗೆ ಅವರೆಲ್ಲರ ಮುಖ ಗೊತ್ತು.

ಈ ಶಕ್ತಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಬಳಕೆಯಾಗಿದೆ? ವಿರಾಜಪೇಟೆ ಕಡೆಯ ಒಂದು ಪ್ರೌಢಶಾಲೆಯ ಸಂಚಿಕೆಯೊಂದನ್ನು ನಾವು ಮೊದಲಿನಿಂದ ಕೊನೆಯವರೆಗೆ ಓದಿದೆವು. ನಲವತ್ತು ಪುಟ. ಮೊದಲ ಆರು ಪುಟಗಳಲ್ಲಿ ಶುಭಾಶಯ ಸಂದೇಶಗಳು. ಆಮೇಲೆ ಸಂಪಾದಕೀಯ, ಅದರಲ್ಲಿ ಸಂಪಾದಕರದೆನ್ನಬಹುದಾದ ಒಂದು ವಾಕ್ಯವೂ ಇಲ್ಲ. ಪರಿಸರ ಉಳಿಸಿ, ನೀರು ಉಳಿಸಿ, ಸಮಯದ ಮಹತ್ವ. ನಗೆಹನಿಗಳು ಎಲ್ಲಿಂದಲೋ ಇಳಿಸಿದವು. ಪ್ರತಿ ಪುಟಕ್ಕೂ ಹೂಬಳ್ಳಿಯ ಅಂಚು, ಮಿನುಗುವ ಪುಡಿ. ಬರಹ ದುಂಡಗಿದೆ, ಬರೆದವರು ಯಾರೆಂದು ಮಾತ್ರ ತಿಳಿಯುವುದಿಲ್ಲ.

ಮೂವತ್ತೊಂದನೆಯ ಪುಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಳೆಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಗಿಸುವ ಕಷ್ಟವನ್ನು ಬರೆದಿದ್ದಾಳೆ. ಒಲೆಯ ಮೇಲೆ ಕಟ್ಟಿದ ಹಗ್ಗ, ಶಾಲೆಯ ಯೂನಿಫಾರಮ್ಮಿಗೆ ಹತ್ತಿದ ಹೊಗೆಯ ವಾಸನೆ, ಅದಕ್ಕಾಗಿ ಬೆಂಚಿನಲ್ಲಿ ದೂರ ಕುಳಿತ ಗೆಳತಿ. ಅಜ್ಜಿಯ ಮಾತನ್ನು ಆಕೆ ತನ್ನ ಮನೆಯ ಉರ್ದುವಿನಲ್ಲೇ, ಕನ್ನಡ ಲಿಪಿಯಲ್ಲಿ ಇಟ್ಟಿದ್ದಾಳೆ. ಕೆಂಪು ಶಾಯಿಯಲ್ಲಿ ಯಾರೋ ಆ ಮಾತಿಗೆ ಗೀಟು ಹಾಕಿ ಮೇಲೆ ಗ್ರಾಂಥಿಕ ಕನ್ನಡ ಬರೆದಿದ್ದಾರೆ. ಗೀಟಿನ ಕೆಳಗೂ ಅಜ್ಜಿಯ ಮಾತು ಓದಲು ಬರುತ್ತದೆ. ಕೈಬರಹದ ಉಪಕಾರ ಇದು: ಅಳಿಸಿದ್ದೂ ಉಳಿಯುತ್ತದೆ. ಅಚ್ಚಿಗೆ ಹೋಗಿದ್ದರೆ ಅಜ್ಜಿ ಗುರುತಿಲ್ಲದೆ ಹೋಗುತ್ತಿದ್ದಳು.

ಈ ಒಂದು ಪುಟದಿಂದ ನಮ್ಮ ತಕರಾರು ಸ್ಪಷ್ಟವಾಗುತ್ತದೆ. ಕೈಬರಹದ ಪತ್ರಿಕೆ ಸೋಲುವುದು ಅದು ಮುದ್ರಿತ ಪತ್ರಿಕೆಯ ವೇಷ ಹಾಕಿದಾಗ. ಸಂದೇಶ, ಸಂಪಾದಕೀಯ, ಅಂಕಣ ಎಂಬ ಚೌಕಟ್ಟುಗಳೆಲ್ಲ ಸಾವಿರಾರು ಅಪರಿಚಿತ ಓದುಗರಿಗಾಗಿ ಹುಟ್ಟಿದವು. ಮೂವತ್ತು ಪರಿಚಿತರಿಗೆ ಅವು ಬೇಕಾಗಿಲ್ಲ. ಕೊಡವ ತಕ್, ಅರೆಭಾಷೆ, ಮಲಯಾಳ, ಬ್ಯಾರಿ, ಉರ್ದು, ತುಳು, ಯರವ ಮಾತು ಇಷ್ಟೆಲ್ಲ ಒಂದೇ ತರಗತಿಯಲ್ಲಿ ಕುಳಿತಿರಬಹುದಾದ ಜಿಲ್ಲೆ ಇದು. ಅಚ್ಚಿಗೆ ಸುಲಭವಾಗಿ ಸಿಗದ ಆ ಮಾತುಗಳಿಗೆ ಕೈಬರಹ ಜಾಗ ಕೊಡಬಲ್ಲದು, ಕೊಡುತ್ತಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಿಂದ ಬಾಯಿಗೆ ಬಂದ ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುದರಿಂದಲೇ 1924ರಲ್ಲಿ ‘ಪಟ್ಟೋಲೆ ಪಳಮೆ’ ಬಂತು. ಆ ಕೆಲಸಕ್ಕೆ ಮೊದಲು ಬೇಕಾದದ್ದು ಮನೆಯ ಮಾತು ಬರೆಯಲು ಯೋಗ್ಯ ಎಂಬ ಧೈರ್ಯ.

ನಗರದ ಝೀನ್‌ಗಳ ದೋಷ ಬೇರೆ. ಅಲ್ಲಿ ಕಾಗದದ ಆಯ್ಕೆ, ಬಣ್ಣ, ಮಡಿಕೆ ಎಲ್ಲದರಲ್ಲೂ ಜಾಣ್ಮೆಯಿದೆ. ಸ್ವತಃ ಕಾಗದ ತಯಾರಿಸಿ ಪುಸ್ತಕ ಕಟ್ಟುವ ಬೆಂಗಳೂರಿನ ಕಲಾವಿದ ರವಿಕುಮಾರ್ ಕಾಶಿ ಅಂಥವರ ಕೃತಿ ನೋಡಿದರೆ ಕೈಕೆಲಸವೂ ಯೋಚನೆಯೇ ಎಂಬುದು ಅರಿವಾಗುತ್ತದೆ. ಆದರೆ ಅನೇಕ ಝೀನ್‌ಗಳಲ್ಲಿ ಕೈಕೆಲಸ ಕೇವಲ ಮೆರುಗಾಗಿ ನಿಂತಿದೆ. ಭಾಷೆ ಬಹುಪಾಲು ಇಂಗ್ಲಿಷ್, ಓದುಗರು ಅದೇ ವೃತ್ತದವರು, ‘ಕೈಯಿಂದ ಮಾಡಿದ್ದು’ ಎಂಬುದು ಬೆಲೆ ಏರಿಸುವ ಚೀಟಿ. ಹಳ್ಳಿಯ ಪತ್ರಿಕೆಗೆ ತನ್ನ ಕೈಯ ಮೇಲೆ ನಂಬಿಕೆಯಿಲ್ಲ, ನಗರದ ಪತ್ರಿಕೆಗೆ ಕೈಯ ಮೇಲೆ ಮೋಹ. ಇಬ್ಬರೂ ಓದುಗನನ್ನು ಮರೆತಿದ್ದಾರೆ.

ಇನ್ನು ಹಂಚುವ ಪ್ರಶ್ನೆ. 1867ರ ಪತ್ರಿಕಾ ಕಾಯ್ದೆ ಸೈಕ್ಲೋಸ್ಟೈಲನ್ನೂ ಕಲ್ಲಚ್ಚನ್ನೂ ‘ಮುದ್ರಣ’ವೆಂದೇ ಎಣಿಸುತ್ತಿತ್ತು. ಅದರ ಜಾಗಕ್ಕೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2023ರ ಕಾಯ್ದೆ ಜೆರಾಕ್ಸನ್ನು ಮುದ್ರಣದಿಂದ ಹೊರಗಿಟ್ಟಿದೆ. ಹಾಗಾಗಿ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿದ ಹಾಳೆ ಮುದ್ರಿತ ಪತ್ರಿಕೆಯ ಸಾಲಿಗೆ ಸೇರುವುದಿಲ್ಲ. ಇದು ಸ್ವಾತಂತ್ರ್ಯ. ಆದರೆ ನೋಂದಣಿಯಿಲ್ಲದ ಪತ್ರಿಕೆಗೆ ಅಂಚೆಯ ಪತ್ರಿಕಾ ರಿಯಾಯಿತಿ ಇಲ್ಲ. ಸಾಹಿತ್ಯ ಪತ್ರಿಕೆಗಳೂ ಸಣ್ಣ ಪ್ರಕಾಶಕರೂ ದಶಕಗಳ ಕಾಲ ನೆಚ್ಚಿಕೊಂಡಿದ್ದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರ ಮೇ 1ರಂದು ಬಂದ ‘ಜ್ಞಾನ್ ಪೋಸ್ಟ್’ 300 ಗ್ರಾಂ ಪುಸ್ತಕಕ್ಕೆ 20 ರೂಪಾಯಿಯಿಂದ ಶುರುವಾಗುತ್ತದೆ. ಆದರೆ ಅದರಲ್ಲಿ ನಿಯತಕಾಲಿಕಗಳಿಗೆ ಅವಕಾಶವಿಲ್ಲ, ಮುದ್ರಕರ ಅಥವಾ ಪ್ರಕಾಶಕರ ಹೆಸರೂ ಇರಬೇಕು. ಡೆನ್ಮಾರ್ಕಿನ ಅಂಚೆ ಸಂಸ್ಥೆಯಂತೂ 2025ರ ಕೊನೆಗೆ ಮನೆಮನೆಗೆ ಪತ್ರ ಹಂಚುವುದನ್ನೇ ಕೈಬಿಟ್ಟಿತು. ನಮ್ಮಲ್ಲಿ ಕೈಬರಹದ ಪತ್ರಿಕೆಗೆ ಉಳಿದಿರುವುದು ಸಾಧಾರಣ ಲಕೋಟೆಯ ದಾರಿ. ಅಂಚೆಯ ಕಣ್ಣಿಗೆ ಅದು ಪುಸ್ತಕವಲ್ಲ, ಪತ್ರಿಕೆಯಲ್ಲ, ಬರಿಯ ಕಾಗದ.

ವಾಟ್ಸಪ್ ಇರುವಾಗ ಅಂಚೆಯೇಕೆ ಎಂದು ಕೇಳುವವರಿದ್ದಾರೆ. ಫೋನು ಎಷ್ಟೋ ಮನೆಗಳಲ್ಲಿ ತಂದೆಯದೋ ಅಣ್ಣನದೋ ಆಗಿರುತ್ತದೆ. ಹೆಣ್ಣುಮಗಳ ಹೆಸರಿಗೆ ಬಂದ ಲಕೋಟೆ ಅವಳದು. ಶಾಲೆ ಬಿಟ್ಟು ಮದುವೆಯಾಗಿ ಹೋದ ಗೆಳತಿಗೆ ಎಂಟು ಪುಟದ ಪುಸ್ತಿಕೆಯೊಂದು ತಲುಪಿದರೆ, ಅದರ ಕೊನೆಯ ಪುಟ ಖಾಲಿ ಇದ್ದರೆ, ಅದನ್ನು ತುಂಬಿ ಮರಳಿ ಕಳುಹಿಸುವ ಕರ್ತವ್ಯವೂ ಅದರೊಂದಿಗೇ ತಲುಪುತ್ತದೆ. ಶುಂಠಿಕೊಪ್ಪದ ಕಡೆಯ ಕಾಫಿ ತೋಟದಲ್ಲಿದ್ದ ಕೊಡಗಿನ ಗೌರಮ್ಮನವರಿಗೂ ನಾಡಿನ ಪತ್ರಿಕೆಗಳಿಗೂ ನಡುವೆ ಇದ್ದ ದಾರಿ ಅಂಚೆಯೇ. ಅವರ ಕಥಾಸಂಕಲನಗಳು ಬಂದದ್ದು 1939ರಲ್ಲಿ ಅವರು ತೀರಿಕೊಂಡ ಮೇಲೆ. ಪತ್ರಿಕೆಗಳು ಉಳಿಸಿರದಿದ್ದರೆ ಗೌರಮ್ಮನವರ ಹೆಸರೂ ನಮಗೆ ತಿಳಿಯುತ್ತಿತ್ತೋ ಇಲ್ಲವೋ.

ಉಳಿಸುವ ಮಾತು ಬಂದಾಗ ಕೊಡಗಿನ ಮಳೆಯನ್ನು ಮರೆಯುವಂತಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಇಂಕು ಹರಡುತ್ತದೆ, ಉಳಿದದ್ದು ಗೆದ್ದಲಿನ ಪಾಲು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದಾಗ ಮನೆಗಳ ಜೊತೆ ಮನೆಯ ಕಾಗದಗಳೂ ಹೋದವು. ಒಂದೇ ಪ್ರತಿಯ ಪತ್ರಿಕೆಗೆ ಎರಡನೆಯ ಆಯುಷ್ಯವಿಲ್ಲ. ಆದ್ದರಿಂದ ಹಂಚುವುದು ಔದಾರ್ಯವಷ್ಟೇ ಅಲ್ಲ, ರಕ್ಷಣೆ ಕೂಡ. ಇಪ್ಪತ್ತು ಜೆರಾಕ್ಸ್ ಪ್ರತಿಗಳು ಇಪ್ಪತ್ತು ಊರಿಗೆ ಹೋದರೆ ಒಂದಾದರೂ ಉಳಿದೀತು.

ನಾವು ಕೇಳುವುದು ದೊಡ್ಡದೇನಲ್ಲ. ‘ಅರಿವು ಕೇಂದ್ರ’ ಎಂದು ಹೆಸರಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಕೈಬರಹದ ಪತ್ರಿಕೆಗಳಿಗೊಂದು ಒಣಗಿದ ಪೆಟ್ಟಿಗೆ ಇರಲಿ. ಅಧ್ಯಾಪಕರು ಕಾಗುಣಿತ ತಿದ್ದಲಿ, ಅಜ್ಜಿಯ ಮಾತನ್ನು ಬಿಡಲಿ. ನಮ್ಮಂಥ ಮಾಸಿಕಗಳು ವರ್ಷಕ್ಕೆರಡು ಬಾರಿಯಾದರೂ ಇಂಥ ಸಂಚಿಕೆಗಳನ್ನು ತರಿಸಿಕೊಂಡು, ಮುದ್ರಿತ ಪುಸ್ತಕಕ್ಕೆ ಹಿಡಿಯುವ ಅಳತೆಗೋಲಿನಲ್ಲೇ ವಿಮರ್ಶಿಸಲಿ. ಓದುವವರು ಮೂರು ಪ್ರಶ್ನೆ ಕೇಳಿದರೆ ಸಾಕು: ಇದು ಯಾರಿಗೆ ಬರೆದದ್ದು? ಕೈಯಿಂದಲೇ ಬರೆಯುವ ಅಗತ್ಯ ಏನಿತ್ತು? ಓದಿದ ಮೇಲೆ ಇದು ಯಾರ ಕೈಗೆ ಹೋಗಬೇಕು?

ಪಾರಸಿಯ ‘ಕಾಗಜ್’ ಕನ್ನಡಕ್ಕೆ ಬಂದು ಕಾಗದವಾಯಿತು. ಬರೆಯುವ ಹಾಳೆಗೂ ಊರಿಂದ ಊರಿಗೆ ಹೋಗುವ ಪತ್ರಕ್ಕೂ ಕನ್ನಡಿಗರು ಅದೊಂದೇ ಮಾತನ್ನು ಸಾಕೆಂದರು. ಅಂಚೆಯವರು ಈ ಪತ್ರಿಕೆಗಳನ್ನು ಬರಿಯ ಕಾಗದ ಎಂದರೆ ನಮ್ಮ ಆಕ್ಷೇಪವಿಲ್ಲ. ಕಾಗದ ಬಂದ ಮನೆಯವರು ಅದನ್ನು ಒಡೆದು ಓದಬೇಕು, ಓದಿ ಉತ್ತರ ಬರೆಯಬೇಕು. ವಿಮರ್ಶಕರಿಂದ ನಾವು ನಿರೀಕ್ಷಿಸುವುದೂ ಇಷ್ಟನ್ನೇ.